ಅಪ್ಪನ ಬೈಕು, ಮಗುವಿನ ತಲೆ

ಭಾಲ್ಕಿಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅವರಿಗೆ ಬೈಕ್ ಓಡಿಸುವುದೆಂದರೆ ಪ್ರಾಣ. ವಾರವಿಡೀ ಕೆಲಸ. ಭಾನುವಾರ ಬೆಳಗ್ಗೆ ಗಾಡಿ ತೊಳೆದು ಒರೆಸಿ, ಬೀದರಿಗೋ ಕಾರಂಜಾ ಜಲಾಶಯದ ಕಡೆಗೋ ಒಂದು ಸುತ್ತು ಹೋಗಿ ಬಂದರೆ ಮನಸ್ಸು ಹಗುರ. ಈಗ ಎಂಟು ವರ್ಷದ ಮಗಳು ಗಾಡಿಯ ಸಪ್ಪಳ ಕೇಳಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಓಡಿ ಬರುತ್ತಾಳಂತೆ: 'ಅಪ್ಪಾ, ನಾ ಭೀ ಬರ್ತೀನಿ.' ಮೂರು ವರ್ಷದ ಮಗನಿಗಂತೂ ಟ್ಯಾಂಕಿನ ಮೇಲೆ ಕೂಡಿಸಿ ಒಂದು ಸುತ್ತು ಹಾಕಿಸದಿದ್ದರೆ ತುತ್ತು ಇಳಿಯುವುದಿಲ್ಲ. ಮನೆಯಾಕೆ ಮಾತ್ರ 'ನಿಮ್ಮ ಹುಚ್ಚು ನಿಮಗಿರ್ಲಿ, ಮಕ್ಕಳಿಗಿ ಹಚ್ಚಬ್ಯಾಡ್ರಿ' ಎನ್ನುತ್ತಾರೆ. 'ಡಾಕ್ಟರೇ, ನನಗೆ ಇಷ್ಟವಾದದ್ದನ್ನು ಮಕ್ಕಳೊಂದಿಗೆ ಹಂಚಿಕೊಳ್ಳುವುದು ತಪ್ಪೇ?' ಎಂಬುದು ಅವರ ಪ್ರಶ್ನೆ.

ತಪ್ಪಲ್ಲ. ತಂದೆಯ ಬೆನ್ನಿಗೆ ಅಂಟಿಕೊಂಡು ಕುಳಿತು ಊರು ನೋಡುವ ಸುಖ ಮಕ್ಕಳಿಗೆ ಬೇರೆ ಯಾವುದರಿಂದಲೂ ಸಿಗುವುದಿಲ್ಲ. ಟಿ.ವಿ. ಮುಂದೆ, ಮೊಬೈಲ್ ಮುಂದೆ ಮಾತನಾಡದ ಮಗು ಗಾಡಿಯ ಮೇಲೆ ಕುಳಿತರೆ ದಾರಿಯುದ್ದಕ್ಕೂ ಪ್ರಶ್ನೆ ಕೇಳುತ್ತದೆ. ಆದರೆ ಮನೆಯಾಕೆಯ ಮಾತನ್ನೂ ತಳ್ಳಿಹಾಕುವಂತಿಲ್ಲ. ಮಗಳ ವಿಷಯದಲ್ಲಿ ಒಂದು ಉತ್ತರ, ಮಗನ ವಿಷಯದಲ್ಲಿ ಇನ್ನೊಂದು ಉತ್ತರ ಕೊಡಬೇಕಾಗಿದೆ. ನಿಮ್ಮ ಮನೆಯಲ್ಲೂ ಇಂಥ ಮಕ್ಕಳಿದ್ದರೆ ಮುಂದೆ ಓದಿ.

ಈ ಲೇಖಕನಿಗೂ ಈ ಹುಚ್ಚು ತಂದೆಯಿಂದಲೇ ಬಂದದ್ದು. ನಮ್ಮ ಮನೆಯಲ್ಲಿದ್ದದ್ದು ಯೆಜ್ಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಮೊದಲು ಜಾವಾ, ಆಮೇಲೆ ಯೆಜ್ಡಿ ಗಾಡಿಗಳು ತಯಾರಾಗುತ್ತಿದ್ದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಎಷ್ಟೋ ಕನ್ನಡ ಮನೆಗಳಲ್ಲಿ ತಂದೆಯ ಗಾಡಿಯನ್ನು ಮಕ್ಕಳು ಮಾರದೆ ಉಳಿಸಿಕೊಂಡಿದ್ದಾರೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಬೆಂಗಳೂರು, ಮೈಸೂರುಗಳಲ್ಲಿ ಅವು ಸಾಲುಗಟ್ಟಿ ಹೊರಡುವುದುಂಟು. ಕಿಕ್ ಹೊಡೆಯುವ ಸಲಾಕೆಯೇ ಮುಂದೆ ಬಾಗಿ ಗೇರ್ ಆಗುವ ಆ ಯಂತ್ರದ ಚಮತ್ಕಾರವನ್ನು ನೋಡುತ್ತಾ ನಿಂತದ್ದು ನನಗಿನ್ನೂ ನೆನಪಿದೆ. ಆ ಗಾಡಿಗೆ ಎರಡು ಬದಿಗೂ ಸೈಲೆನ್ಸರ್. ಅಂದರೆ ಯಾವ ಕಡೆ ಇಳಿದರೂ ಕಾಲು ಸುಡುವ ಭಾಗ್ಯ. ನನ್ನ ಬಲಗಾಲಿನ ಮೀನಖಂಡದ ಮೇಲೆ ರೂಪಾಯಿ ಅಗಲದ ಕಲೆ ಇಂದಿಗೂ ಇದೆ. ಆಗ ಮನೆಯವರು ಅದಕ್ಕೆ ಮಸಿ ಸುರಿದರು, ಪಕ್ಕದ ಮನೆಯವರು ಟೂತ್‌ಪೇಸ್ಟ್ ತಂದರು. ಎರಡೂ ತಪ್ಪು.

ಸೈಲೆನ್ಸರ್ ತಾಗಿ ಸುಟ್ಟರೆ ಮಾಡಬೇಕಾದ ಕೆಲಸ ಒಂದೇ. ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಬೇಕು. ನಲ್ಲಿ ಇಲ್ಲದಿದ್ದರೆ ಕೊಡದ ನೀರನ್ನು ಚೆಂಬಿನಿಂದ ಸುರಿಯುತ್ತಿರಿ. ಮಂಜುಗಡ್ಡೆ ಬೇಡ, ಅರಿಸಿನ ಬೇಡ, ಬೊಬ್ಬೆ ಒಡೆಯುವುದು ಬೇಡ. ಶುಭ್ರವಾದ ಬಟ್ಟೆ ಮುಚ್ಚಿ ವೈದ್ಯರಿಗೆ ತೋರಿಸಿ.

ಟ್ಯಾಂಕಿನ ಮೇಲಿನ ಸಿಂಹಾಸನ

ಈಗ ಮೂರು ವರ್ಷದ ಮಗನ ವಿಷಯ. ಪುಟ್ಟ ಮಕ್ಕಳನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂಡಿಸಿಕೊಳ್ಳದ ಊರು ನಮ್ಮಲ್ಲಿಲ್ಲ. ಬೀದರಿನ ಯಾವುದೇ ಶಾಲೆಯ ಮುಂದೆ ಬೆಳಗ್ಗೆ ಹತ್ತು ನಿಮಿಷ ನಿಂತರೆ ಸಾಕು, ಮುಂದೊಂದು, ಹಿಂದೆರಡು ಮಕ್ಕಳನ್ನು ಹೇರಿಕೊಂಡು ಬರುವ ಗಾಡಿಗಳು ಕಾಣುತ್ತವೆ. 'ಮಗು ನನ್ನ ಎರಡು ಕೈಗಳ ನಡುವೆ ಭದ್ರವಾಗಿದೆ' ಎಂದು ತಂದೆಯಾದವನು ನಂಬಿರುತ್ತಾನೆ. ನಿಜ ಬೇರೆ.

ಗಾಡಿ ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದಾಗ ಏನಾದರೂ ಎದುರಿಗೆ ಬಂದು ಡಿಕ್ಕಿಯಾದರೆ, ಅದರ ಹೊಡೆತ ಸುಮಾರು ಇಪ್ಪತ್ತು ಅಡಿ ಎತ್ತರದಿಂದ, ಅಂದರೆ ಎರಡಂತಸ್ತಿನ ಮನೆಯ ಮಾಳಿಗೆಯಿಂದ ಬಿದ್ದಷ್ಟು. ಆ ಕ್ಷಣದಲ್ಲಿ ಮುಂದೆ ಕುಳಿತ ಮಗು ಹ್ಯಾಂಡಲ್‌ಗೆ ಹೋಗಿ ಬಡಿಯುತ್ತದೆ. ಹಿಂದಿನಿಂದ ತಂದೆಯ ಅರವತ್ತು ಎಪ್ಪತ್ತು ಕಿಲೋ ಭಾರ ಅದರ ಮೇಲೆ ಬೀಳುತ್ತದೆ. ಕಾಪಾಡಬೇಕಾದ ದೇಹವೇ ಅರೆಯುವ ಕಲ್ಲಾಗುತ್ತದೆ.

ಇದರಲ್ಲಿ ವೈದ್ಯರನ್ನು ಹೆಚ್ಚು ಕಾಡುವುದು ಹೊಟ್ಟೆಯ ಪೆಟ್ಟು. ಹ್ಯಾಂಡಲ್‌ನ ತುದಿ ಹೊಟ್ಟೆಗೆ ಒತ್ತಿದಾಗ ಹೊರಗೆ ಒಂದು ಸಣ್ಣ ಗುಂಡನೆಯ ಗುರುತು ಬಿಟ್ಟರೆ ಏನೂ ಕಾಣದು. ಮಗು ಅತ್ತು ಸುಮ್ಮನಾಗುತ್ತದೆ, ಬಿಸ್ಕತ್ತು ತಿನ್ನುತ್ತದೆ. ಒಳಗೆ ಯಕೃತ್ತೋ ಗುಲ್ಮವೋ ಹರಿದು ರಕ್ತ ಸೋರುತ್ತಿರಬಹುದು. ಮೇದೋಜೀರಕ ಗ್ರಂಥಿಗೆ ಏಟಾಗಿದ್ದರೆ ಹೊಟ್ಟೆನೋವು, ವಾಂತಿ ಮರುದಿನ ಶುರುವಾಗಬಹುದು. ಹಾಗಾಗಿ ಹೊಟ್ಟೆಗೆ ಹ್ಯಾಂಡಲ್ ಬಡಿದ ಮಗುವನ್ನು, ಅದು ನಗುತ್ತಿದ್ದರೂ ಸರಿಯೇ, ಆಸ್ಪತ್ರೆಗೆ ಕರೆದೊಯ್ಯಿರಿ. 'ಹ್ಯಾಂಡಲ್ ಬಡಿದಿದೆ' ಎಂಬ ಮಾತನ್ನು ವೈದ್ಯರಿಗೆ ಬಿಡಿಸಿ ಹೇಳಿ. ಮಗು ಬಿಳಿಚಿಕೊಂಡರೆ, ಹೊಟ್ಟೆ ಉಬ್ಬಿದರೆ, ಭುಜ ನೋಯುತ್ತದೆ ಎಂದರೆ ತಡ ಮಾಡಬೇಡಿ. ಗುಲ್ಮಕ್ಕೆ ಪೆಟ್ಟಾದಾಗ ನೋವು ಎಡ ಭುಜದಲ್ಲಿ ಕಾಣಿಸಿಕೊಳ್ಳುವುದುಂಟು.

ಇನ್ನೊಂದು ಸಂಗತಿ. ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಇಂಜಿನ್ ಆರಿಸದೆ, ಒಂದು ಕೈಯಲ್ಲಿ ಸಾಮಾನು ತೆಗೆದುಕೊಳ್ಳುತ್ತೀರಿ. ಮುಂದೆ ಕುಳಿತ ಮಗು ನಿಮ್ಮಂತೆಯೇ ಎಕ್ಸಿಲರೇಟರ್ ತಿರುವುತ್ತದೆ. ಗಾಡಿ ಚಿಮ್ಮುತ್ತದೆ. ಮಗುವಿನದೇನೂ ತಪ್ಪಿಲ್ಲ, ದಿನವೂ ನಿಮ್ಮ ಕೈ ನೋಡಿ ಕಲಿತದ್ದನ್ನು ಮಾಡಿತು. ಅಂಗಳದಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಗಾಡಿಯನ್ನು ಹತ್ತಲು ಹೋಗಿ ಮೈಮೇಲೆ ಕೆಡವಿಕೊಂಡ ಮಕ್ಕಳೂ ಉಂಟು. ಸಾಧಾರಣ ಬೈಕಿನ ತೂಕ ನೂರು ಕಿಲೋಗೆ ಕಡಿಮೆಯಿಲ್ಲ.

ನಾಲ್ಕು ವರ್ಷದೊಳಗಿನ ಮಕ್ಕಳ ಬಗ್ಗೆ ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲಿ ನಿಯಮ ಹೊರಡಿಸಿತು. 2023ರ ಫೆಬ್ರುವರಿ 15ರಿಂದ ಅದು ಜಾರಿಯಲ್ಲಿದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ತಲೆಗೆ ಹೊಂದುವ ಹೆಲ್ಮೆಟ್ ಇರಬೇಕು. ಓಡಿಸುವವರ ಮೈಗೆ ಮಗುವನ್ನು ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿ ಇರಬೇಕು. ವೇಗ 40 ಕಿ.ಮೀ. ಮೀರಬಾರದು. ಆ ಪಟ್ಟಿಯೆಂದರೆ ನೈಲಾನಿನ ಒಂದು ಅಂಗಿ; ಅದರ ಪಟ್ಟಿಗಳನ್ನು ನೀವು ಶಾಲೆಯ ಚೀಲದಂತೆ ಭುಜಕ್ಕೆ ಹಾಕಿಕೊಳ್ಳುತ್ತೀರಿ. ಮೂವತ್ತು ಕಿಲೋ ಭಾರ ತಡೆಯುವಂತಿರಬೇಕು ಎಂದು ನಿಯಮ ಹೇಳುತ್ತದೆ. ಮಗು ನಿದ್ದೆ ಹೋದರೂ ಜಾರಿ ಬೀಳದು. ಟವೆಲಿನಲ್ಲಿ, ತಾಯಿಯ ಸೆರಗಿನಲ್ಲಿ ಕಟ್ಟಿಕೊಳ್ಳುವುದು ಇದಕ್ಕೆ ಸಮವಲ್ಲ.

ನನ್ನ ಸ್ವಂತ ಅಭಿಪ್ರಾಯ ಕೇಳುವಿರಾದರೆ, ಒಂದು ವರ್ಷ ತುಂಬದ ಕೂಸನ್ನು ಬೈಕಿನ ಮೇಲೆ ಒಯ್ಯಲೇಬಾರದು. ಹೆಲ್ಮೆಟ್ ಹೊರುವ ಬಲ ಅದರ ಕುತ್ತಿಗೆಗೆ ಬಂದಿರುವುದಿಲ್ಲ. ಹುಟ್ಟಿದಾಗ ಮಗುವಿನ ತಲೆ ಅದರ ಒಟ್ಟು ಉದ್ದದ ಕಾಲು ಭಾಗ. ದೊಡ್ಡವರಲ್ಲಿ ಅದು ಎಂಟನೇ ಒಂದು ಭಾಗ ಮಾತ್ರ. ಹೀಗೆ ತಲೆ ಭಾರ, ಕುತ್ತಿಗೆ ಎಳೆಯದು. ಆದ್ದರಿಂದಲೇ ಮಕ್ಕಳು ಬಿದ್ದರೆ ತಲೆಯೇ ಮೊದಲು ನೆಲ ಮುಟ್ಟುತ್ತದೆ.

'ಹೆಂಡತಿ, ಇಬ್ಬರು ಮಕ್ಕಳು, ಇರುವುದೊಂದು ಗಾಡಿ. ಏನು ಮಾಡೋಣ?' ಎಂದು ಕೇಳುವಿರಿ. ಕಾನೂನಿನ ಪ್ರಕಾರ ಓಡಿಸುವವರಲ್ಲದೆ ಒಬ್ಬರಿಗೆ ಮಾತ್ರ ಅವಕಾಶ. ಚಿಕ್ಕ ಮಗುವನ್ನು ಮೂರನೆಯವರಾಗಿ ಒಪ್ಪಿಕೊಳ್ಳಿ ಎಂದು 2023ರಲ್ಲಿ ಕೇರಳ ಸರ್ಕಾರ ಕೇಳಿಕೊಂಡಿತ್ತು, ಕೇಂದ್ರ ಒಪ್ಪಲಿಲ್ಲ. ಭಾಲ್ಕಿಯಿಂದ ಬೀದರಿಗೆ ರೈಲಿದೆ. ಔರಾದಿಗೆ ರೈಲಿಲ್ಲ, ಬಸ್ಸಿದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಸಣ್ಣ ಕೂಸಿನೊಂದಿಗೆ ತಾಯಿ ಬಸ್ಸಿನಲ್ಲಿ, ದೊಡ್ಡ ಮಗುವಿನೊಂದಿಗೆ ತಂದೆ ಬೈಕಿನಲ್ಲಿ ಹೋಗಿ ಮದುವೆಮನೆಯಲ್ಲಿ ಸೇರಿದರೆ ಯಾರ ಮರ್ಯಾದೆಯೂ ಕಡಿಮೆಯಾಗುವುದಿಲ್ಲ.

ಹೆಲ್ಮೆಟ್ ಯೂನಿಫಾರಂ ಅಲ್ಲ

ಹೆಲ್ಮೆಟ್‌ಗೆ ಒಂದು ಕಥೆಯಿದೆ. 'ಲಾರೆನ್ಸ್ ಆಫ್ ಅರೇಬಿಯಾ' ಎಂದು ಹೆಸರಾಗಿದ್ದ ಟಿ.ಇ. ಲಾರೆನ್ಸ್ ಮೋಟಾರ್ ಸೈಕಲ್ ಎಂದರೆ ಜೀವ ಬಿಡುವಾತ. 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಳ್ಳಿ ರಸ್ತೆಯಲ್ಲಿ ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದ. ತಲೆಗೆ ರಕ್ಷಣೆಯಿರಲಿಲ್ಲ. ಆರು ದಿನ ಎಚ್ಚರವಿಲ್ಲದೆ ಮಲಗಿದ್ದು ತೀರಿಕೊಂಡ. ಆತನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳು ಶಸ್ತ್ರವೈದ್ಯರೊಬ್ಬರಿದ್ದರು. ಆ ಸಾವು ಅವರ ಮನಸ್ಸಿನಿಂದ ಹೋಗಲಿಲ್ಲ. ಮುಂದೆ ಮೋಟಾರ್ ಸೈಕಲ್ ಸವಾರರ ತಲೆಪೆಟ್ಟುಗಳನ್ನು ಅಭ್ಯಾಸ ಮಾಡಿ, ಹೆಲ್ಮೆಟ್ ಜೀವ ಉಳಿಸುತ್ತದೆಂದು 1941ರಲ್ಲಿ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಅದನ್ನು ಕಡ್ಡಾಯ ಮಾಡಿತು.

ಆ ಬಳಿಕ ಬೇರೆ ಬೇರೆ ದೇಶಗಳಲ್ಲಿ ನಡೆದ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪರಿಶೀಲಿಸಿದಾಗ, ಹೆಲ್ಮೆಟ್‌ನಿಂದ ಸಾವಿನ ಅಪಾಯ ಸುಮಾರು ಶೇ. 42ರಷ್ಟು, ತಲೆಪೆಟ್ಟಿನ ಅಪಾಯ ಶೇ. 69ರಷ್ಟು ತಗ್ಗುತ್ತದೆ ಎಂದು ಕಂಡುಬಂತು. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಇವರ ಪೈಕಿ 14,337 ಮಂದಿ ಹಿಂದೆ ಕುಳಿತವರು. 'ಹಿಂದೆ ಕೂಡುವವರಿಗೆ ಯಾಕ್ರಿ ಹೆಲ್ಮೆಟ್?' ಎಂದು ಕೇಳುವವರು ಈ ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ಓದಲಿ. ಈಗಿನ ಕಾಯ್ದೆಯಲ್ಲಿ ನಾಲ್ಕು ವರ್ಷ ಮೇಲ್ಪಟ್ಟ ಪ್ರತಿಯೊಬ್ಬರಿಗೂ ಅದು ಕಡ್ಡಾಯ.

ಮಗುವಿನ ಹೆಲ್ಮೆಟ್ ಕೊಳ್ಳುವಾಗ ನಾವು ಮಾಡುವ ದೊಡ್ಡ ತಪ್ಪು ಯೂನಿಫಾರಂ ಕೊಂಡಂತೆ ಕೊಳ್ಳುವುದು. 'ಒಂದು ಸೈಜ್ ದೊಡ್ಡದು ಕೊಡ್ರಿ, ಬರೋ ವರ್ಷಕ್ಕೂ ಆಗ್ತದ.' ಅಂಗಿ ಸಡಿಲವಿದ್ದರೆ ತೋಳು ಮಡಚಬಹುದು. ಹೆಲ್ಮೆಟ್ ಸಡಿಲವಿದ್ದರೆ ಬಿದ್ದಾಗ ಅದು ಒಂದು ಕಡೆ, ತಲೆ ಇನ್ನೊಂದು ಕಡೆ. ದರ್ಜಿಯ ಟೇಪನ್ನು ಹುಬ್ಬಿನ ಮೇಲಿಂದ ತಲೆಯ ಸುತ್ತ ಹಿಡಿದು ಅಳತೆ ತೆಗೆಯಿರಿ. ಹೆಲ್ಮೆಟ್‌ನ ಒಳಗಿನ ಚೀಟಿಯಲ್ಲಿ ಸೆಂಟಿಮೀಟರ್ ಲೆಕ್ಕದಲ್ಲಿ ಗಾತ್ರ ಇರುತ್ತದೆ. ಹಾಕಿದ ಮೇಲೆ ಮಗುವಿಗೆ ತಲೆ ಅಲ್ಲಾಡಿಸಲು ಹೇಳಿ. ಕೆನ್ನೆಯ ಚರ್ಮವೂ ಜೊತೆಗೆ ಅಲ್ಲಾಡಿದರೆ ಸರಿಯಾಗಿ ಕೂತಿದೆ ಎಂದರ್ಥ. ಗದ್ದದ ಪಟ್ಟಿಯ ಒಳಗೆ ಎರಡು ಬೆರಳು ಮಾತ್ರ ತೂರಬೇಕು. ಪಟ್ಟಿ ಬಿಗಿಯದ ಹೆಲ್ಮೆಟ್ ಪೊಲೀಸರಿಗೆ ತೋರಿಸಲಷ್ಟೇ ಲಾಯಕ್ಕು.

ಐಎಸ್ಐ ಗುರುತು ಇಲ್ಲದ್ದನ್ನು ಮಾರುವುದನ್ನು 2021ರ ಜೂನ್‌ನಿಂದ ನಿಷೇಧಿಸಲಾಗಿದೆ. ಆದರೂ ರಸ್ತೆ ಬದಿಯಲ್ಲಿ ಟೋಪಿಯಂಥ ಅಗ್ಗದ ಪ್ಲಾಸ್ಟಿಕ್ ಚಿಪ್ಪುಗಳು ಸಿಗುತ್ತಲೇ ಇವೆ. ಪೆಟ್ಟನ್ನು ಹೀರಿಕೊಳ್ಳುವುದು ಹೊರಗಿನ ಬಣ್ಣದ ಚಿಪ್ಪಲ್ಲ, ಒಳಗಿನ ಥರ್ಮಾಕೋಲ್‌ನಂಥ ದಪ್ಪ ಪದರ. ಒಮ್ಮೆ ಜೋರಾಗಿ ಬಡಿದರೆ ಆ ಪದರ ಕುಗ್ಗಿ ಹೋಗುತ್ತದೆ; ಹೊರಗೆ ಬಿರುಕು ಕಾಣದಿದ್ದರೂ ಅದನ್ನು ಬದಲಿಸಬೇಕು. ಅಣ್ಣನ ಹಳೆಯ ಹೆಲ್ಮೆಟ್ ತಂಗಿಗೆ ಇಳಿಸುವ ಮುಂಚೆ ಇದನ್ನು ಯೋಚಿಸಿ.

ವಯಸ್ಸಲ್ಲ, ಪಾದ ನೋಡಿ

ಹಿಂದಿನ ಸೀಟಿಗೆ ಮಗು ಯಾವಾಗ ಸಿದ್ಧ? ಹುಟ್ಟಿದ ದಿನಾಂಕ ನೋಡಬೇಡಿ. ನಿಂತ ಗಾಡಿಯ ಮೇಲೆ ಕೂಡಿಸಿ ನೋಡಿ. ಎರಡೂ ಪಾದ ಫುಟ್‌ರೆಸ್ಟ್ ಮೇಲೆ ಪೂರ್ತಿ ಊರಬೇಕು, ಎರಡೂ ಕೈ ನಿಮ್ಮ ಸೊಂಟ ಹಿಡಿಯಬೇಕು, 'ಬಿಗಿ ಹಿಡಿ' ಎಂದರೆ ಹಿಡಿದೇ ಇರುವ ಬುದ್ಧಿ ಬಂದಿರಬೇಕು. ಸಾಮಾನ್ಯವಾಗಿ ಏಳೆಂಟು ವರ್ಷಕ್ಕೆ ಇದು ಸಾಧ್ಯ. ಭಾಲ್ಕಿಯ ಓದುಗರ ಮಗಳು ಬಹುಶಃ ಈ ಪರೀಕ್ಷೆಯಲ್ಲಿ ಪಾಸು.

ಕಾಲು ಎಟುಕದೆ ಜೋತಾಡಿದರೆ ಏನಾಗುತ್ತದೆ? ಹಿಮ್ಮಡಿ ಚಕ್ರದ ಕಡ್ಡಿಗಳ ನಡುವೆ ಸಿಕ್ಕುತ್ತದೆ. ಮಕ್ಕಳ ಶಸ್ತ್ರವೈದ್ಯರಿಗೆ ಇದು ತೀರಾ ಪರಿಚಿತ ಗಾಯ. ಹಿಮ್ಮಡಿಯ ಚರ್ಮ ಸುಲಿದು, ಕೆಲವೊಮ್ಮೆ ಅದರ ಮೇಲಿನ ದಪ್ಪ ಸ್ನಾಯುರಜ್ಜುವೇ ಹರಿದು, ವಾಸಿಯಾಗಲು ತಿಂಗಳುಗಳು ಹಿಡಿಯುತ್ತವೆ. ಚಪ್ಪಲಿಯಲ್ಲ, ಹಿಮ್ಮಡಿ ಮುಚ್ಚುವ ಶೂ ಹಾಕಿಸಿ. ಹಿಂದಿನ ಚಕ್ರದ ಸೀರೆ ಗಾರ್ಡನ್ನು 'ಚೆಂದ ಕಾಣೋದಿಲ್ಲ' ಎಂದು ಬಿಚ್ಚಿಸಬೇಡಿ. ಹುಡುಗಿಯರ ದುಪಟ್ಟಾ, ಮಫ್ಲರ್, ಶಾಲೆಯ ಚೀಲದ ಜೋಲುವ ಪಟ್ಟಿ ಯಾವುದೂ ಚಕ್ರದ ಕಡೆ ಸುಳಿಯದಂತೆ ಕಟ್ಟಿಸಿ. ದುಪಟ್ಟಾ ಸುತ್ತಿಕೊಂಡರೆ ಕುತ್ತಿಗೆಗೇ ಉರುಲಾಗುತ್ತದೆ.

ನಮ್ಮ ರಸ್ತೆಗಳ ಮಾತೂ ಇದೆ. ಬೀದರಿನಿಂದ ಭಾಲ್ಕಿಗೆ ಸುಮಾರು 40 ಕಿ.ಮೀ. ಔರಾದಿಗೆ ಜನವಾಡ, ಕೌಠಾದ ಮಾಂಜ್ರಾ ಸೇತುವೆ, ಸಂತಪುರ ದಾಟಿ ಹೋಗಬೇಕು. ಸುಗ್ಗಿಯಲ್ಲಿ ಡಾಂಬರಿನ ಮೇಲೆಯೇ ಸೋಯಾ, ತೊಗರಿ ಒಣಹಾಕಿರುತ್ತಾರೆ. ಕಾಳಿನ ಮೇಲೆ ಚಕ್ರ ಏರಿದರೆ ಗಾಡಿ ಜಾರದೆ ಇರದು. ನವೆಂಬರ್‌ನಿಂದ ಕಬ್ಬಿನ ಟ್ರ್ಯಾಕ್ಟರುಗಳ ಕಾಲ. ಹಿಂದೆ ದೀಪವಿಲ್ಲದ ಎರಡೆರಡು ಟ್ರೇಲರ್ ಕತ್ತಲಲ್ಲಿ ಗೋಡೆಯಂತೆ ನಿಂತಿರುತ್ತವೆ. ಮಗು ಜೊತೆಗಿದ್ದರೆ ಸಂಜೆ ಕತ್ತಲಾಗುವ ಮುನ್ನ ಮನೆ ಸೇರಿ. ಏಪ್ರಿಲ್, ಮೇ ತಿಂಗಳಲ್ಲಿ ಹತ್ತು ಗಂಟೆಯ ಮೇಲೆ ಹೊರಡಬೇಡಿ. ಗಾಳಿಗೆ ಬೆವರು ಆರಿಹೋಗುವುದರಿಂದ ಮೈಯ ನೀರು ಕಡಿಮೆಯಾದದ್ದು ಮಕ್ಕಳಿಗೆ ತಿಳಿಯುವುದೇ ಇಲ್ಲ. ಅರ್ಧ ಗಂಟೆಗೊಮ್ಮೆ ನೆರಳಲ್ಲಿ ನಿಲ್ಲಿಸಿ ನೀರು ಕುಡಿಸಿ.

ಹಾಗೆ ನಿಲ್ಲಿಸುವುದಕ್ಕೆ ಇನ್ನೊಂದು ಕಾರಣ ನಿದ್ದೆ. ಜಾತ್ರೆ ಮುಗಿಸಿ, ಉಂಡು ಹಿಂತಿರುಗುವಾಗ ಹಿಂದೆ ಕುಳಿತ ಮಗು ಐದು ನಿಮಿಷಕ್ಕೆ ತೂಕಡಿಸುತ್ತದೆ. ಸೊಂಟ ಹಿಡಿದ ಕೈ ಸಡಿಲವಾದದ್ದು ಗೊತ್ತಾದ ಕ್ಷಣವೇ ಗಾಡಿ ನಿಲ್ಲಿಸಿ. ಪ್ರಶ್ನೆ ಕೇಳುತ್ತಾ, ಉತ್ತರ ಪಡೆಯುತ್ತಾ ಹೋಗುವುದು ಒಳ್ಳೆಯ ಉಪಾಯ. ಉತ್ತರ ಬರಲಿಲ್ಲ ಎಂದರೆ ನಿದ್ದೆ ಬಂದಿದೆ.

ಬಿದ್ದೇ ಬಿಟ್ಟರೆ, ಮಗುವನ್ನು ಎಳೆದು ನಿಲ್ಲಿಸಬೇಡಿ. ಕುತ್ತಿಗೆಗೆ ಪೆಟ್ಟಾಗಿರಬಹುದು. ಉಸಿರಾಟ ಸರಿಯಿದ್ದರೆ ಹೆಲ್ಮೆಟ್ ತೆಗೆಯುವ ಅವಸರ ಬೇಡ, ಮುಂದಿನ ಗಾಜು ಮೇಲೆತ್ತಿದರೆ ಸಾಕು. 108ಕ್ಕೆ ಕರೆ ಮಾಡಿ. ಮೇಲ್ನೋಟಕ್ಕೆ ಏನೂ ಆಗಿಲ್ಲವೆಂದು ಮನೆಗೆ ಬಂದರೂ ಎರಡು ದಿನ ಮಗುವಿನ ಮೇಲೆ ಕಣ್ಣಿರಲಿ. ಪದೇ ಪದೇ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಸರಿಯಾಗಿ ಏಳದಂಥ ನಿದ್ದೆ, ತೊದಲು ಮಾತು, ಫಿಟ್ಸ್, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರಿನಂಥ ದ್ರವ, ಒಂದು ಕಣ್ಣಿನ ಪಾಪೆ ದೊಡ್ಡದು ಇನ್ನೊಂದು ಚಿಕ್ಕದು: ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ. ದಾರಿಯಲ್ಲಿ ಬೇರೆಯವರ ಮಗು ಬಿದ್ದಿದ್ದರೂ ಹಿಂಜರಿಯಬೇಡಿ. ನೆರವಾದವರನ್ನು ಕೇಸಿನಲ್ಲಿ ಸಿಕ್ಕಿಸದಂತೆ 2019ರ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಡುತ್ತದೆ.

ಕೀಲಿ ಯಾರ ಜೇಬಿನಲ್ಲಿ?

ಹಿಂದಿನ ಸೀಟಿನಲ್ಲಿ ಬೆಳೆದ ಮಗು ಒಂದು ದಿನ ಮುಂದಿನ ಸೀಟು ಕೇಳುತ್ತದೆ. ಹದಿನಾಲ್ಕಕ್ಕೇ ಕೇಳುತ್ತದೆ. 'ಹೊಲದ ತನಕ ಅಷ್ಟೇ', 'ಟ್ಯೂಷನ್ ಇಲ್ಲೇ ಪಕ್ಕದಲ್ಲಿ' ಎಂದು ಕೀಲಿ ಕೊಡುವ ತಂದೆಯರು ಔರಾದಿನ ಹಳ್ಳಿಗಳಲ್ಲೂ ಇದ್ದಾರೆ, ಬೀದರಿನ ಬಡಾವಣೆಗಳಲ್ಲೂ ಇದ್ದಾರೆ. ಕೆಲವರಿಗೆ ಅದು ಹೆಮ್ಮೆ. ಕಾಲು ನೆಲಕ್ಕೆ ಎಟುಕಿತು, ಕ್ಲಚ್ ಬಿಡಲು ಬಂತು, ಇನ್ನೇನು?

ಕೈಕಾಲು ಬೇಗ ಕಲಿಯುತ್ತವೆ ನಿಜ. ಅಪಾಯವನ್ನು ಅಳೆಯುವ, ಆಸೆಯನ್ನು ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಅದರಲ್ಲೂ ಗೆಳೆಯರು ಹಿಂದೆ ಕುಳಿತಾಗ ಹದಿಹರೆಯದವರ ಧೈರ್ಯ ಎರಡು ಪಟ್ಟಾಗುತ್ತದೆ, ವಿವೇಕ ಅರ್ಧಕ್ಕಿಳಿಯುತ್ತದೆ. ಕಾನೂನೂ ಸಡಿಲವಾಗಿಲ್ಲ. ಹದಿನೆಂಟು ತುಂಬಬೇಕು. ಹದಿನಾರಕ್ಕೆ ಸಿಗುವ ರಿಯಾಯಿತಿ 50 ಸಿ.ಸಿ. ಒಳಗಿನ, ಗೇರಿಲ್ಲದ ಗಾಡಿಗೆ ಮಾತ್ರ. ಈಗ ನಮ್ಮ ಮನೆಗಳಲ್ಲಿರುವ ಪೆಟ್ರೋಲ್ ಸ್ಕೂಟರುಗಳು ಹೆಚ್ಚಾಗಿ ನೂರು ಸಿ.ಸಿ.ಗೆ ಮೇಲ್ಪಟ್ಟವು. ಅಪ್ರಾಪ್ತ ವಯಸ್ಸಿನವರು ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ತಂದೆಗೆ ಅಥವಾ ಮಾಲೀಕರಿಗೆ 25 ಸಾವಿರ ರೂ. ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಮಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಬೇಗ ಕೊಟ್ಟ ಕೀಲಿ ಏಳು ವರ್ಷ ತಡವಾಗಿ ವಾಪಸ್ ಬರುತ್ತದೆ.

ಹಾಗಾದರೆ ಹದಿನೆಂಟರವರೆಗೆ ಹಂಚಿಕೊಳ್ಳಲು ಏನುಳಿಯಿತು? ಬಹಳ ಉಳಿದಿದೆ. ಮೊದಲು ಸೈಕಲ್. ತೂಕ ಸಂಭಾಳಿಸುವುದು, ತಿರುವಿನಲ್ಲಿ ಬಾಗುವುದು, ಕೈ ಸನ್ನೆ, ಹಿಂದೆ ತಿರುಗಿ ನೋಡಿ ರಸ್ತೆ ದಾಟುವುದು, ಇವೆಲ್ಲ ಸೈಕಲ್ಲಿನಲ್ಲೇ ಕಲಿಯುವ ಪಾಠಗಳು. ಇಂಜಿನ್ ಆರಿಸಿ, ಸೈಲೆನ್ಸರ್ ತಣ್ಣಗಾದ ಮೇಲೆ ಚೈನ್ ಒರೆಸಿ ಎಣ್ಣೆ ಬಿಡುವುದನ್ನು, ಟೈರಿನ ಗಾಳಿ ನೋಡುವುದನ್ನು, ಪ್ಲಗ್ ಬಿಚ್ಚಿ ಉಜ್ಜುವುದನ್ನು ತೋರಿಸಿಕೊಡಿ. ಚೈನ್ ಒರೆಸುವಾಗ ಇಂಜಿನ್ ಓಡುತ್ತಿದ್ದರೆ ಬೆರಳು ಹೋದೀತು, ಇದನ್ನು ನೀವೂ ಮರೆಯಬೇಡಿ. ಹೆಣ್ಣುಮಗಳಿಗೆ ಇವೆಲ್ಲ ಯಾಕೆ ಎಂದು ಕೇಳುವ ಹಿರಿಯರು ಮನೆಯಲ್ಲಿದ್ದರೆ, ಅವಳ ಕೈಯಲ್ಲೇ ಅವರ ಗಾಡಿಯ ಪ್ಲಗ್ ಸ್ವಚ್ಛ ಮಾಡಿಸಿ ಕೊಡಿ.

ಮತ್ತೆ, ಮಕ್ಕಳಿಗೆ ಒಂದು ಅಧಿಕಾರ ಕೊಟ್ಟುಬಿಡಿ: ಅಪ್ಪನ ಗದ್ದದ ಪಟ್ಟಿ ಬಿಗಿಯಾಗಿಲ್ಲದಿದ್ದರೆ, ಅಪ್ಪ ಫೋನ್ ಕಿವಿಗೆ ಹಿಡಿದರೆ 'ನಿಲ್ಲಿಸು' ಎನ್ನುವ ಅಧಿಕಾರ. ಒಂದು ವಾರದಲ್ಲಿ ನಿಮ್ಮ ಓಡಿಸುವ ರೀತಿಯೇ ಬದಲಾಗುತ್ತದೆ. ನನ್ನದು ಬದಲಾಯಿತು.

ಭಾಲ್ಕಿಯ ಓದುಗರು ಮಗನನ್ನು ಈ ವಾರವೇ ಟ್ಯಾಂಕಿನಿಂದ ಇಳಿಸಲಿ. ಎರಡು ದಿನ ಅಳುತ್ತಾನೆ, ಮೂರನೇ ದಿನ ಊಟ ಮಾಡುತ್ತಾನೆ. ಮಗಳ ತಲೆಯ ಅಳತೆ ತೆಗೆದು ಹೆಲ್ಮೆಟ್ ತರಲಿ. ಬಣ್ಣ ಅವಳೇ ಆರಿಸಲಿ. ಮೊದಲ ಭಾನುವಾರ ಬೀದರಿನವರೆಗೆ ಬೇಡ, ಹಲಬರ್ಗಾದವರೆಗೆ ಸಾಕು. ಅಲ್ಲಿ ಗಾಡಿ ನಿಲ್ಲಿಸಿ, ಚಹಾ ಕುಡಿದು, ಮನೆಯಾಕೆಗೆ ಮಗಳ ಕೈಯಿಂದಲೇ ಒಂದು ಫೋನ್ ಮಾಡಿಸಲಿ.